ರೈಲು ಕಂಬಿಯ ನಿಯಮ

ದಾವಣಗೆರೆಯ ಗಿರಣಿಗಳಲ್ಲಿ ದುಡಿಯುವ ನಮ್ಮಂಥವರು ಸೇರಿ ಕಟ್ಟಿಕೊಂಡ ಒಂದು ಸಂಘವಿತ್ತು. ಸದಸ್ಯರ ಮನೆಯಲ್ಲಿ ಸಾವಾದರೆ ಉಳಿದವರು ಹೋಗಿ ಹೆಗಲು ಕೊಡಬೇಕು, ಅದರ ಕೆಲಸ ಅಷ್ಟೇ. ಐವತ್ತರ ದಶಕದ ಕೊನೆಗೆ ನಾನು ಅದರ ಕಾರ್ಯದರ್ಶಿಯಾದೆ. ಆ ಬೇಸಿಗೆಯಲ್ಲಿ ಸದಸ್ಯರೊಬ್ಬರು ತೀರಿಕೊಂಡಾಗ ಅರ್ಧ ಜನ ಪಾಳಿಯಲ್ಲಿದ್ದರು, ಉಳಿದವರಿಗೆ ಸುದ್ದಿಯೇ ಮುಟ್ಟಲಿಲ್ಲ. ಹೆಗಲು ಸಾಲದೆ ಹೆಣ ಸಂಜೆಯವರೆಗೂ ಕಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಹಟ ಹಿಡಿದು ಹೊಸ ನಿಯಮ ಬರೆದೆ. ಸಂಘದ ಕೋಣೆಯ ಮುಂದೆ ರೈಲು ಕಂಬಿಯ ತುಂಡೊಂದನ್ನು ತೂಗುಹಾಕುವುದು. ಸಾವಾದ ಮನೆಯವರು ಬಂದು ಅದನ್ನು ಹೊಡೆಯುವುದು. ಪಾಳಿಯಲ್ಲಿಲ್ಲದವರು ಸದ್ದು ಕೇಳಿದೊಡನೆ ಕೈಲಿದ್ದುದನ್ನು ಬಿಟ್ಟು ಬಂದು, ಚಟ್ಟಕ್ಕೆಂದು ಹರಿಹರದಿಂದ ತಂದಿಟ್ಟ ಬಿದಿರು ಹೊತ್ತು ಹೊರಡುವುದು. ಮಹಾಸಭೆಯಲ್ಲಿ ಓದಿದಾಗ ಎಲ್ಲರೂ ತಲೆದೂಗಿದರು. ಊರಂಚಿನ ಆನೆಕೊಂಡದ ಯಜಮಾನರೊಬ್ಬರು ಮಾತ್ರ ಎದ್ದು ನಿಂತರು. ಸಂಘ ಕಟ್ಟಿದವರಲ್ಲಿ ಅವರೂ ಒಬ್ಬರು.

“ಮನಶ್ಯಾ ಆದ್ರೆ ಇಂಥವರ ಮನ್ಯಾಗ ಅಂತ ಬಂದು ಹೇಳ್ತಾನೆ ತಮ್ಮಾ. ಕಬ್ಬಿಣ ಹೆಸರು ಹೇಳಂಗಿಲ್ಲ. ಇದು ಬ್ಯಾಡ.”

ಕಾಲ ಬದಲಾಗಿದೆ ಎಂದು ನಾನು ಭಾಷಣ ಬಿಗಿದೆ. ಕೈ ಎತ್ತಿಸಿ ನಿಯಮ ಪಾಸು ಮಾಡಿಸಿದೆ.

ಮೊದಮೊದಲು ಎಲ್ಲ ಸುಸೂತ್ರವಾಗಿಯೇ ನಡೆಯಿತು. ಸದ್ದಾದರೆ ಸಾಕು, ಕೇರಿಯ ಹೆಂಗಸರು ಬಾಗಿಲಿಗೆ ಬಂದು ತಮ್ಮ ತಮ್ಮ ಮನೆಯವರು ಎಲ್ಲಿದ್ದಾರೆಂದು ಹುಡುಕುತ್ತಿದ್ದರು. ಅದನ್ನು ನೋಡಿಯೂ ನಾನು ಬೀಗುತ್ತಿದ್ದೆ.

ಒಂದು ಮಧ್ಯಾಹ್ನ ಕಂಬಿಯ ಸದ್ದಾಯಿತು. ಓಡಿದೆವು. ಸಾವಿನ ಮನೆಯವರೆಂದು ಯಾರೂ ಅಲ್ಲಿರಲಿಲ್ಲ. ಹೊಡೆದವರನ್ನು ಎದುರಿನ ಮಂಡಕ್ಕಿ ಅಂಗಡಿಯವನೂ ಕಂಡಿರಲಿಲ್ಲ. ಕಂಬಿ ಮಾತ್ರ ಇನ್ನೂ ಸಣ್ಣಗೆ ಅಲ್ಲಾಡುತ್ತಿತ್ತು. ಬಿಸಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡತೊಡಗಿದೆವು, ಯಾರು ಬಂದಿಲ್ಲ ಎಂದು. ಪಾಳಿಯವರನ್ನು ಬಿಟ್ಟರೆ ಬಾರದವರು ಯಜಮಾನರೊಬ್ಬರೇ. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನಿಯಮದಲ್ಲಿ ಇದ್ದಂತೆ ಬಿದಿರು ಹೊತ್ತು ಆನೆಕೊಂಡದ ಕಡೆ ನಡೆದೆವು.

ಅವರು ಜಗಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಸದ್ದು ಅವರಿಗೆ ಕೇಳಿಸಿಯೇ ಇರಲಿಲ್ಲ.

“ಯಾರ ಮನ್ಯಾಗ?” ಎಂದು ಕೇಳಿದರು.

ಅವರು ಬಿದಿರು ನೋಡಿದರು, ನಮ್ಮನ್ನು ನೋಡಿದರು, ಕೈಯಲ್ಲಿದ್ದ ಶೇಂಗಾ ಮೊರಕ್ಕೆ ಹಾಕಿದರು. ಒಳಗಿಂದ ಬಂದ ಅವರ ಹೆಂಡತಿ ಹೊಸ್ತಿಲಲ್ಲೇ ಕುಸಿದು ಕೂತರು. ಚಟ್ಟದ ಬಿದಿರನ್ನು ಒಂದು ಮನೆಯ ಬಾಗಿಲಿಗೆ ತಂದ ಮೇಲೆ ವಾಪಸು ಒಯ್ಯಬಾರದೆಂಬುದು ನಮ್ಮವರ ನಂಬಿಕೆ. ಅದನ್ನು ಗೋಡೆಗೆ ಒರಗಿಸಿ ತಲೆ ತಗ್ಗಿಸಿಕೊಂಡು ಬಂದುಬಿಟ್ಟೆವು.

ಅಂದು ಯಾರೂ ಸತ್ತಿರಲಿಲ್ಲ. ಆದರೆ ಆಮೇಲೆ ಜನ ಅವರ ಜೊತೆ ಬೇರೆ ಥರ ನಡೆದುಕೊಳ್ಳತೊಡಗಿದರು. ಚಹಾದಂಗಡಿಯಲ್ಲಿ ಅವರ ಪಕ್ಕದ ಜಾಗ ಖಾಲಿ ಉಳಿಯುತ್ತಿತ್ತು. ಅವರ ಎದುರಿಗೇ, ಪಾಪ, ಒಳ್ಳೆಯ ಮನುಷ್ಯರಿದ್ದರು ಎಂದು ಮಾತಾಡುತ್ತಿದ್ದರು. ಯಾರೂ ಬೇಕೆಂದು ಮಾಡುತ್ತಿರಲಿಲ್ಲ, ನನಗೆ ಹೆದರಿಕೆಯಾದದ್ದೇ ಅದಕ್ಕೆ.

ಮುಂದಿನ ಮಹಾಸಭೆಯಲ್ಲಿ ನಿಯಮ ರದ್ದಾಗಲಿ ಎಂದು ನಾನೇ ಮಂಡಿಸಿದೆ. ಹಾಗಾದರೂ ಅವರು ಮತ್ತೆ ನಮ್ಮೊಳಗೊಬ್ಬರಾದಾರೆಂಬ ಆಸೆ. ಅಧ್ಯಕ್ಷರು ಬೆರಳು ಮಾಡಿ, ಎತ್ತಿದ ಕೈಗಳನ್ನು ಎಣಿಸುತ್ತ ಬಂದರು. ಯಜಮಾನರ ಕೈ ದಾಟಿ ಪಕ್ಕದವರ ಕೈಗೆ ಹೋದರು. ಒಂದು ಬಿಟ್ಟುಹೋಯಿತು ಎಂದೆ. ಮತ್ತೆ ಎಣಿಸಿದರು, ಮತ್ತೆ ಅದನ್ನೇ ದಾಟಿದರು. ಎಲ್ಲರೂ ಒಪ್ಪಿದ್ದಾರೆ ಎಂದು ಸಾರಿದರು.

ಉಳಿದ ಕೈಗಳು ಇಳಿದವು. ಅವರದು ಇಳಿಯಲಿಲ್ಲ.

“ಎಲ್ಲಾರೂ ಅಂದ್ರಲ್ಲ, ಅದ್ರಾಗ ನಾನು ಅದೀನೇನ್ರಿ?”

ಇದ್ದೀರಿ ಯಜಮಾನರೇ ಎನ್ನುತ್ತ ನಾನು ಎದ್ದು ಹೋಗಿ ಆ ಕೈ ಹಿಡಿದೆ. ಬೆಚ್ಚಗಿತ್ತು. ಬೆಚ್ಚಗಿದೆಯೋ ಇಲ್ಲವೋ ಎಂದು ನೋಡಲಿಕ್ಕೇ ಹಿಡಿದೆನೆಂಬುದು ಅವರಿಗೆ ತಿಳಿದುಹೋಯಿತು. ಮೆಲ್ಲಗೆ ಕೈ ಬಿಡಿಸಿಕೊಂಡರು.