ತಣ್ಣಗಿನ ಎಂಜಿನ್ನೇ ಬೇಕೆನ್ನುವ ನಿಂಗರಾಜು

ಯಳಂದೂರು ತಾಲ್ಲೂಕಿನ ಅಗರದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನಿವೃತ್ತ ಮೇಷ್ಟ್ರು ಮೂರ್ತಿಯವರ ಮನೆ ಮುಂದೆ ಟಿವಿಎಸ್ ನಿಲ್ಲಿಸಿದ ನಿಂಗರಾಜು, ಯಾರನ್ನೂ ಕೂಗುವ ಮೊದಲು ಅಂಗಳದ ಬಿಳಿ ಅಂಬಾಸಿಡರ್ ಹತ್ತಿರ ಹೋಗಿ ಬಾನೆಟ್ ಮೇಲೆ ಅಂಗೈ ಇಡುತ್ತಾರೆ. ಇಬ್ಬನಿ ಕೂತ ತಗಡು ತಣ್ಣಗಿದೆ. ಬಾನೆಟ್ ಎತ್ತಿ ಎಂಜಿನ್ನನ್ನೂ ಮುಟ್ಟಿ ನೋಡುತ್ತಾರೆ. ಆಮೇಲಷ್ಟೇ ಚೀಲ ಬಿಚ್ಚುತ್ತಾರೆ.

‘ಬಿಸಿ ಗಾಡಿ ನಾ ಮುಟ್ಟಾಕಿಲ್ಲ ಸಾ. ರಾತ್ರಿಯೆಲ್ಲ ನಿಂತಿರ್ಬೇಕು. ಅದ್ಕೇ ಈ ಒತ್ತಿಗೆ ಬರಾದು.’

ಟ್ಯಾಪೆಟ್ ಸೆಟ್ ಮಾಡುವುದು ನಿಂಗರಾಜು ಅವರ ಕೆಲಸ. ಅಂಬಾಸಿಡರ್ ಎಂಜಿನ್ನಿನಲ್ಲಿ ಎಂಟು ವಾಲ್ವುಗಳು. ಅವನ್ನು ಒತ್ತುವ ತೋಳಿಗೂ ವಾಲ್ವಿನ ತಲೆಗೂ ನಡುವೆ ದಪ್ಪ ಕಾಗದದಷ್ಟು ಸಂದು ಇರಬೇಕು. ಓಡುತ್ತಾ ಓಡುತ್ತಾ ಆ ಸಂದು ದೊಡ್ಡದಾಗುತ್ತದೆ, ಎಂಜಿನ್ ಟಕಟಕ ಬಡಿದುಕೊಳ್ಳುತ್ತದೆ. ಮೇಲಿನ ಮುಚ್ಚಳ ಬಿಚ್ಚಿ, ಅಳತೆಯ ತೆಳ್ಳನೆ ಬ್ಲೇಡನ್ನು ಸಂದಿಗೆ ತೂರಿಸಿ, ಸ್ಕ್ರೂ ತಿರುವಿ ನಟ್ ಬಿಗಿಯುತ್ತಾರೆ. ಬ್ಲೇಡು ಎಳೆದರೆ ಬರಬೇಕು, ಆದರೆ ಸಲೀಸಾಗಿ ಬರಬಾರದು. ಒಂದು ವಾಲ್ವು ಮುಗಿದರೆ ಮುಂದಿನದಕ್ಕೆ ಎಂಜಿನ್ನನ್ನು ಸ್ವಲ್ಪ ತಿರುಗಿಸಬೇಕು. ಕಾರಿನ ಮುಂದುಗಡೆ, ಎಂಜಿನ್ ತಿರುಗಿಸುವ ಹ್ಯಾಂಡಲ್ ಹಿಡಿದು ಕುಕ್ಕರಗಾಲಲ್ಲಿ ಕೂತ ಮೂರ್ತಿ ಮೇಷ್ಟ್ರು, ‘ಸಾಕೇನಪ್ಪಾ?’ ಎಂದು ಕೇಳುತ್ತಿದ್ದಾರೆ.

ಐವತ್ನಾಲ್ಕರ ನಿಂಗರಾಜು ಕೊಳ್ಳೇಗಾಲದ ಪಕ್ಕದ ಮಧುವನಹಳ್ಳಿಯವರು. ಗ್ಯಾರೇಜಿಲ್ಲ, ಬೋರ್ಡಿಲ್ಲ. ಅಂಬಾಸಿಡರ್, ಪದ್ಮಿನಿ, ಮಾರುತಿ ಎಂಟ್ನೂರು ಇಟ್ಟುಕೊಂಡವರ ಮನೆಬಾಗಿಲಿಗೇ ಹೋಗುತ್ತಾರೆ. ಮೂರು ತಾಲ್ಲೂಕು ಸೇರಿ ಒಂದು ಕಾಲಕ್ಕೆ ನೂರನಲವತ್ತು ಗಾಡಿಗಳಿದ್ದವು. ಈಗ ಮೂವತ್ತೊಂದು. ವಾರಕ್ಕೆ ಎರಡು ಮೂರು ಬೆಳಗು ಕೆಲಸ ಸಿಕ್ಕರೆ ಹೆಚ್ಚು. ಉಳಿದ ದಿನ ಹೆಂಡತಿ ಚಿಕ್ಕಮಾದಮ್ಮನ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾರೆ. ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿದೆ. ಪಕ್ಕಕ್ಕೆ ನೋಡಬೇಕೆಂದರೆ ಇಡೀ ಮೈಯನ್ನೇ ತಿರುಗಿಸುತ್ತಾರೆ.

ಮನೆಗೇ ಹೋಗಿ, ತಣ್ಣಗಿದ್ದಾಗಲೇ ಕೆಲಸ ಮಾಡಬೇಕೆಂಬ ಈ ಹಟ ಹುಟ್ಟಿದ್ದು ಇಪ್ಪತ್ಮೂರು ವರ್ಷದ ಹಿಂದೆ, ತಂಗಿ ವಿಜಯಮ್ಮನ ಮದುವೆಯಲ್ಲಿ.

ತಂದೆ ಬೇಗ ತೀರಿಕೊಂಡ ಮನೆಯಲ್ಲಿ ನಿಂಗರಾಜುವನ್ನು ಸಾಕಿ, ಕೊಳ್ಳೇಗಾಲದ ಗ್ಯಾರೇಜೊಂದಕ್ಕೆ ಕೆಲಸ ಕಲಿಯಲು ಸೇರಿಸಿದವರು ಎಂಟು ವರ್ಷ ದೊಡ್ಡವರಾದ ಅಣ್ಣ ಚೆನ್ನಯ್ಯ. ಅವರ ಹತ್ತಿರ ನಶ್ಯದ ಬಣ್ಣದ ಹಳೇ ಅಂಬಾಸಿಡರ್ ಇತ್ತು. ಮದುವೆ ಮಾದಪ್ಪನ ಬೆಟ್ಟದಲ್ಲಿ. ಗಂಡನ್ನು ಕರೆತರುವುದು ಅದೇ ಕಾರಿನಲ್ಲಿ. ಹಿಂದಿನ ಸಂಜೆ ಪಾತ್ರೆ ಪಡಗ ಸಾಗಿಸಿ ಬಂದ ಗಾಡಿ ಬಡಿದುಕೊಳ್ಳುತ್ತಿತ್ತು.

‘ಬೀಗರು ನಗ್ಬಾರ್ದು, ಅಣ್ಣನ ಗಾಡಿ ಒಸಾದರಂಗೆ ಇರ್ಬೇಕು ಅಂತ ನಂಗೆ ಆಸೆ. ಎಂಜಿನ್ ಕಾದು ಕೆಂಡ ಆಗಿತ್ತು. ಬ್ಲೇಡೂ ಇಡ್ಲಿಲ್ಲ. ಸದ್ದು ನಿಲ್ಲಗಂಟ ಟೈಟ್ ಮಾಡ್ದೆ. ಬೆಣ್ಣೆ ಆದಂಗಾಯ್ತು ಸಾ. ಅಣ್ಣ ಬೆನ್ನು ತಟ್ದ.’

ಕಬ್ಬಿಣ ಕಾದರೆ ಉದ್ದವಾಗುತ್ತದೆ. ಬೆಟ್ಟದ ಏರಿನಲ್ಲಿ ಎಂಜಿನ್ ಇನ್ನಷ್ಟು ಕಾದಾಗ, ಹಿಗ್ಗಲು ಜಾಗವಿಲ್ಲದ ವಾಲ್ವು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಎಂಜಿನ್ನಿನ ಬಲ ಸೋರಿಹೋಗುತ್ತದೆ. ಮರುದಿನ ಬೆಟ್ಟದ ಬುಡದ ತಾಳಬೆಟ್ಟ ದಾಟಿ ಮೂರನೇ ತಿರುವಿನಲ್ಲಿ ಕಾರು ಉಸಿರು ಕಟ್ಟಿ ನಿಂತಿತು. ಬಾಸಿಂಗ ಕಟ್ಟಿದ ಗಂಡು ರಸ್ತೆಗಿಳಿದು, ಯಾರದೋ ಜೀಪು ಹತ್ತಿ ಬೆಟ್ಟ ಸೇರುವಷ್ಟರಲ್ಲಿ ಮುಹೂರ್ತ ಮೀರಿತ್ತು. ತಾಳಿ ಕಟ್ಟಿದ್ದು ಮಧ್ಯಾಹ್ನ. ಗಂಡಿನ ಸೋದರಮಾವ ತುಂಬಿದ ಚಪ್ಪರದಲ್ಲಿ, ‘ಒಂದು ಗಾಡಿ ನೆಟ್ಟಗೆ ಇಟ್ಕಳಾಕೆ ಬಾರ್ದವ್ರು’ ಎಂದುಬಿಟ್ಟರು. ಚೆನ್ನಯ್ಯ ತಲೆ ತಗ್ಗಿಸಿ ನಿಂತಿದ್ದರು. ನಿಂಗರಾಜು ಅಣ್ಣನ ಹತ್ತಿರ ಹೋಗಿ, ತಪ್ಪು ತನ್ನದೇ ಎಂದು ಒಪ್ಪಿಕೊಂಡರು.

‘ಇನ್ಮೇಲೆ ನನ್ನ ಬಾನೆಟ್ ಮುಟ್ಬೇಡ’ ಎಂದರು ಅಣ್ಣ. ಅಷ್ಟೇ. ಮಾರನೇ ವರ್ಷ ಅವರು ಹೆಂಡತಿಯ ಊರಾದ ಮಾರ್ಟಳ್ಳಿಗೆ ಹೋಗಿ ನೆಲೆಸಿದರು. ನಿಂಗರಾಜು ಗ್ಯಾರೇಜು ಬಿಟ್ಟರು.

ಮದುವೆಯಾಗಿ ಹನೂರಿನಲ್ಲಿ ನೆಮ್ಮದಿಯಾಗಿರುವ ವಿಜಯಮ್ಮ ಈಗಲೂ ಹೇಳುತ್ತಾರೆ: ‘ಮದ್ವೆ ಆಗಿದ್ದು ನಂಗೆ, ಮುನಿಸ್ಕಂಡಿದ್ದು ಅವರಿಬ್ರು. ನನ್ನ ಗಂಡ ಅವತ್ತೇ ಮರ್ತವ್ರೆ.’

ನಿಂಗರಾಜು ಮರೆಯಲಿಲ್ಲ. ‘ಅಂಬಾಸಿಡರ್ ಸದ್ದು ಕೇಳುದ್ರೆ ಉಣ್ಣೋದು ಬಿಟ್ಟು ಬಾಗ್ಲಿಗೆ ಓಯ್ತಾರೆ’ ಎನ್ನುತ್ತಾರೆ ಚಿಕ್ಕಮಾದಮ್ಮ. ‘ನಶ್ಯದ ಬಣ್ಣ ಅಲ್ಲ ಅಂತ ಗೊತ್ತಾದ್ಮೇಲೆ ಬಂದು ಕೂತ್ಕತಾರೆ. ಮುದ್ದೆ ಆರೋಗಿರ್ತದೆ.’

ಹೋದ ತಿಂಗಳು ವಿಜಯಮ್ಮನ ಫೋನು ಬಂತು. ಅಣ್ಣನ ಗಾಡಿ ಬಡಿದುಕೊಳ್ಳುತ್ತಿದೆ, ಮಾರ್ಟಳ್ಳಿಯ ಸುತ್ತ ಅದನ್ನು ಬಲ್ಲವರು ಈಗ ಯಾರೂ ಇಲ್ಲ. ‘ಅಣ್ಣ ಕರೀ ಅಂದ್ನಾ?’ ಎಂದರು ನಿಂಗರಾಜು. ‘ಕರೀಬೇಡ ಅನ್ನಲಿಲ್ಲ’ ಎಂದರು ತಂಗಿ.

ಬೆಳಗಿನ ತಣ್ಣನೆ ಎಂಜಿನ್ ಸಿಗಲೆಂದು ನಿಂಗರಾಜು ಹಿಂದಿನ ದಿನವೇ ಹನೂರಿಗೆ ಹೋಗಿ ತಂಗಿ ಮನೆಯಲ್ಲಿ ಉಳಿದು, ಕೋಳಿ ಕೂಗುವ ಹೊತ್ತಿಗೆ ಟಿವಿಎಸ್ ಹತ್ತಿದರು. ಕೌದಳ್ಳಿ ದಾಟುವಾಗ ಎರಡು ಸಲ ಗಾಡಿ ನಿಲ್ಲಿಸಿ, ವಾಪಸ್ ಹೋಗಿಬಿಡಲೇ ಎಂದುಕೊಂಡರಂತೆ. ಮಾರ್ಟಳ್ಳಿಯ ಮನೆ ಮುಂದೆ ಹುಣಸೆ ಮರದಡಿ ಕಾರು ನಿಂತಿತ್ತು. ಬಾನೆಟ್ ಆಗಲೇ ಎತ್ತಿಟ್ಟಿತ್ತು. ಚೆನ್ನಯ್ಯ ಜಗಲಿಯ ಮೇಲೆ ಆಚೆ ಮುಖ ಮಾಡಿ ಕೂತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು.

ನಿಂಗರಾಜು ಚೀಲ ಇಳಿಸಿದರು. ಎಂಜಿನ್ ಮುಟ್ಟಿ ನೋಡಿ ಮುಚ್ಚಳ ಬಿಚ್ಚಿದರು. ತಿರುಗಿಸಲು ಒಬ್ಬರು ಬೇಕಿತ್ತು; ಯಾರನ್ನು ಕರೆಯುವುದು ಎಂದು ನಿಂತಿದ್ದಾಗ ಕಾರಿನ ಮುಂದೆ ಹ್ಯಾಂಡಲ್ ಸಿಕ್ಕಿಸಿದ ಸದ್ದು ಕೇಳಿತು.

ಅಂಬಾಸಿಡರ್‌ಗೆ ಒಂದು ಲೆಕ್ಕವಿದೆ. ಎಂಟನೇ ವಾಲ್ವು ಪೂರ್ತಿ ತಗ್ಗಿದಾಗ ಒಂದನೆಯದನ್ನು ಸೆಟ್ ಮಾಡಬೇಕು, ಆರನೆಯದು ತಗ್ಗಿದಾಗ ಮೂರನೆಯದನ್ನು. ಯಾವಾಗಲೂ ಎರಡೂ ಕೂಡಿದರೆ ಒಂಬತ್ತು. ಚಿಕ್ಕಂದಿನಲ್ಲಿ ಈ ಲೆಕ್ಕ ಹೇಳಿಕೊಟ್ಟವರು ಅಣ್ಣನೇ.

‘ಎಂಟು’ ಎಂದರು ನಿಂಗರಾಜು, ವಾಲ್ವು ನೋಡುತ್ತಾ.

‘ಒಂದು’ ಎಂದರು ಕೆಳಗಿನಿಂದ ಚೆನ್ನಯ್ಯ.

‘ಆರು.’

‘ಮೂರು.’

ಎಂಟು ವಾಲ್ವು ಮುಗಿಯುವವರೆಗೆ ಅಣ್ಣತಮ್ಮಂದಿರು ಆಡಿದ್ದು ಅಷ್ಟೇ. ‘ಅಂಕಿ ಇನ್ನೂ ಇದ್ದಿದ್ರೆ ಆಗಿತ್ತು ಅನ್ನುಸ್ತು ಸಾ’ ಎನ್ನುತ್ತಾರೆ ನಿಂಗರಾಜು. ‘ಕೊನೇ ನಟ್ಟು ಬೇಕಂತ್ಲೇ ನಿಧಾನ ಮಾಡ್ದೆ.’

ಕಾರು ಸ್ಟಾರ್ಟ್ ಆಯಿತು. ಚೆನ್ನಯ್ಯ ಬಾನೆಟ್ ಬಳಿ ಬಂದು ಕಿವಿಯಿಟ್ಟರು. ಹಗುರವಾದ ಟಿಕ್‌ಟಿಕ್ ಕೇಳುತ್ತಿತ್ತು.

‘ಸದ್ದು ಅದೆ ಕಣ್ಲಾ.’

‘ಇರ್ಲಿ ಅಣ್ಣ. ಅಷ್ಟು ಇರ್ಬೇಕು.’

ಚೆನ್ನಯ್ಯ ಒಪ್ಪಿ ತಲೆಯಾಡಿಸಿದರು. ಆಸ್ಪತ್ರೆಗೆ ಹೋಗುವ ಪಕ್ಕದ ಮನೆಯವರು ಬಂದು ಕಾರು ಹತ್ತಿದರು. ಚೆನ್ನಯ್ಯ ಕಾರು ಓಡಿಸಿಕೊಂಡು ಹೊರಟುಹೋದರು. ಅತ್ತಿಗೆ ಕೊಟ್ಟ ಕಾಫಿ ಕುಡಿದು ನಿಂಗರಾಜು ಟಿವಿಎಸ್ ಹತ್ತಿದರು.

ಆ ದಿನದ ನಂತರವೂ ಅಣ್ಣನ ಫೋನು ಬಂದಿಲ್ಲ. ಅಗರದ ಅಂಗಳದಲ್ಲಿ ಕೆಲಸ ಮುಗಿದು, ನಿಂಗರಾಜು ಬ್ಲೇಡುಗಳನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಒಂದೊಂದಾಗಿ ಮಡಚುತ್ತಿದ್ದಾರೆ. ಇನ್ನೇನು ಬೇಕು ನಿಮಗೆ ಎಂದರೆ ಕೊನೆಯ ಬ್ಲೇಡನ್ನೂ ಮಡಚಿ ಚೀಲಕ್ಕೆ ಹಾಕುತ್ತಾರೆ.

‘ಇಪ್ಪತ್ಮೂರು ವರ್ಸ ಆದ್ಮೇಲೆ ಕಣ್ಲಾ ಅಂದ ಸಾ, ಅದು ಸಣ್ಣದಲ್ಲ. ಅವ್ನು ಗಾಡೀನ ಸುಮ್ಕೆ ನಿಲ್ಸಾಕಿಲ್ಲ, ದಿನಾ ಓಡಿಸ್ತಾನೆ. ಆರು ತಿಂಗ್ಳಿಗೆ ಟ್ಯಾಪೆಟ್ ಮತ್ತೆ ಸಡ್ಲ ಆಯ್ತದೆ. ಆಗ ಫೋನು ಅವನೇ ಮಾಡ್ಲಿ. ಅಷ್ಟೇ ನಂಗೆ.’