ಭೂತಕಾಲದ ಹುಡುಗಿ

ಬಾಯಿ ತೆರೆದರೆ ಮುಚ್ಚುವುದೇ ಗೊತ್ತಿಲ್ಲದ ಹುಡುಗಿ ಎಂದು ಮನೆಯಲ್ಲೂ ಶಾಲೆಯಲ್ಲೂ ಅವಳನ್ನು ಚಿನಕುರಳಿ ಎಂದೇ ಕರೆಯುತ್ತಿದ್ದರು. ಓದುತ್ತಿದ್ದದ್ದು ಹತ್ತನೇ ತರಗತಿ. ಅಮ್ಮ ಹೆಂಗಸರ ಕೂದಲು ಕತ್ತರಿಸುವ ಸಣ್ಣ ಪಾರ್ಲರ್ ಇಟ್ಟುಕೊಂಡಿದ್ದಳು. ಅಂಗಡಿಯ ಹಿಂದಿನ ಎರಡು ಕೋಣೆಗಳೇ ಅವರಿಬ್ಬರ ಮನೆ.

ಆ ವರ್ಷ ಅವರ ತರಗತಿಯ ಲೀಡರ್, ಮೆಟ್ಟಿಲ ಕೆಳಗೆ ಕೂತು ಅಳುತ್ತಿದ್ದ ಹುಡುಗಿಯೊಬ್ಬಳ ವಿಡಿಯೊ ತೆಗೆದು ಎಲ್ಲರ ಫೋನಿಗೂ ಹಂಚಿದಳು. ಚಿನಕುರಳಿ ಅದನ್ನು ನೇರವಾಗಿ ಟೀಚರಿಗೆ ಹೇಳಿಬಿಟ್ಟಳು. ಲೀಡರಿಗೆ ಛೀಮಾರಿ ಬಿತ್ತು.

ಮರುದಿನ ಯಾರೂ ಜಗಳಕ್ಕೆ ಬರಲಿಲ್ಲ. ಬೆಂಚಿನಲ್ಲಿ ಕೂತಿದ್ದ ಚಿನಕುರಳಿಯ ತಲೆಯ ಮೇಲಿಂದ ಆಚೆ ನೋಡುತ್ತ ಲೀಡರ್ ನಿಟ್ಟುಸಿರಿಟ್ಟಳು.

"ಪಾಪ, ಎಷ್ಟು ಮಾತಾಡ್ತಿದ್ಲು ಅಲ್ವಾ?"

"ಹೂಂ ಕಣೆ. ನಗು ಕೂಡ ಚೆನ್ನಾಗಿತ್ತು," ಎಂದಳು ಇನ್ನೊಬ್ಬಳು.

"ಏಯ್, ನಾನಿಲ್ಲೇ ಇದೀನಿ!" ಎಂದಳು ಚಿನಕುರಳಿ, ನಗುತ್ತ. ಒಬ್ಬರೂ ತಿರುಗಲಿಲ್ಲ. ಪಕ್ಕದಲ್ಲೇ ಕೂರುತ್ತಿದ್ದ ಜೀವದ ಗೆಳತಿ, ಕನ್ನಡಕದ ಹುಡುಗಿ, ತಲೆ ತಗ್ಗಿಸಿ ಪುಸ್ತಕದೊಳಗೆ ಮುಖ ಹುದುಗಿಸಿದಳು.

ಅವಳು ಸತ್ತೇಹೋದಳೆಂಬ ಆಟ ಮುಂದುವರಿಯಿತು. ಅವಳು ಕೂತ ಜಾಗದಲ್ಲೇ ಬ್ಯಾಗು ಇಡಲು ಬರುತ್ತಿದ್ದರು. ಅವಳು ಬಾಗಿಲಲ್ಲಿ ನಿಂತರೆ "ಯಾಕೋ ಚಳಿ ಆಗ್ತಿದೆ ಕಣ್ರೇ" ಎಂದು ತೋಳು ಉಜ್ಜಿಕೊಳ್ಳುತ್ತಿದ್ದರು. ಚಿನಕುರಳಿ ಮೊದಲು ಕೂಗಾಡಿದಳು, ಆಮೇಲೆ ಅತ್ತಳು, ಕೊನೆಗೆ ಸುಮ್ಮನಾದಳು. ಒಂದು ಬೆಳಿಗ್ಗೆ ಟೀಚರ್ ಹಾಜರಿ ಕೂಗಿದಾಗ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಟೀಚರ್ ತಲೆಯೆತ್ತಲೂ ಇಲ್ಲ, ಮುಂದಿನ ಹೆಸರಿಗೆ ಹೋದರು. ಇವರು ಹೇಳುವುದೇ ನಿಜವಿದ್ದರೆ?

ಅಂದಿನಿಂದ ಅವಳು ಶಬ್ದವಾಗದಂತೆ ನಡೆಯತೊಡಗಿದಳು. ಊಟದ ತಟ್ಟೆ ಇಟ್ಟ ಹಾಗೇ ಇರುತ್ತಿತ್ತು. ಅಂಗಡಿಯ ಕನ್ನಡಿಗಳ ಮುಂದೆ ಹಾದುಹೋಗುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ತೆರೆದರೆ ಅಲ್ಲಿ ಬರೀ ಕುರ್ಚಿಗಳೇ ಕಂಡುಬಿಟ್ಟರೆ ಎಂಬ ಹೆದರಿಕೆ.

"ಟೀ ಕುಡೀತೀಯೇನೇ?" ಎಂದು ಅಮ್ಮ ಕೇಳಿದಳು.

"ನಂಗೆ ಟೀ ಇಷ್ಟ ಇತ್ತಮ್ಮ."

"ಇತ್ತು ಅಂದ್ರೆ? ಈಗೇನು ಬಂತು ರೋಗ?" ಎಂದು ಅಮ್ಮ ನಕ್ಕಳು. ಮಗಳು ನಗಲಿಲ್ಲ. ಅಮ್ಮನ ನಗು ಅರ್ಧಕ್ಕೇ ನಿಂತಿತು.

ಅಂದೇ ಸಂಜೆ, ಕಟ್ಟಕಡೆಯ ಗಿರಾಕಿ ಎದ್ದುಹೋದ ಮೇಲೆ, ಕನ್ನಡಕದ ಹುಡುಗಿ ಅಂಗಡಿಗೆ ಬಂದಳು. ಮುಖ ಬಿಳಿಚಿಕೊಂಡಿತ್ತು. ಬಾಗಿಲ ಪಕ್ಕದ ಮೂಲೆಯಲ್ಲಿ ಅಲುಗಾಡದೆ ಕೂತಿದ್ದ ಗೆಳತಿಯನ್ನು ಗಮನಿಸದೆ ದಾಟಿಕೊಂಡೇ ಒಳಗೆ ಬಂದಳು.

"ಆಂಟಿ, ಅವಳು... ಇದಾಳಾ?"

"ಎಲ್ಲಿಗೆ ಹೋಗ್ತಾಳೆ? ನಿನ್ನ ಹಿಂದೇನೇ ಇದಾಳಲ್ಲ!"

ಹುಡುಗಿ ತಿರುಗಲಿಲ್ಲ. ತಿರುಗುವ ಧೈರ್ಯವಿರಲಿಲ್ಲ. ಎದುರಿನ ಕನ್ನಡಿಯಲ್ಲಿ ಅವಳಿಗೆ ಬೆನ್ನ ಹಿಂದೆ ಮೆಲ್ಲಗೆ ಎದ್ದು ನಿಲ್ಲುತ್ತಿರುವ ಗೆಳತಿ ಕಂಡಳು. ಕಿಟಾರನೆ ಕಿರುಚಿ ಅಲ್ಲೇ ಕುಸಿದಳು.

"ನಂಗೂ ದಿಟ ಅನ್ಸೋಕೆ ಶುರುವಾಯ್ತು ಆಂಟಿ," ಎಂದು ಬಿಕ್ಕಿದಳು. "ಇವತ್ತು ಇವಳು ಪಕ್ಕದಲ್ಲಿ ಕೂತಿದ್ಲು. ಉಸಿರಾಡೋ ಸದ್ದೇ ಕೇಳಿಸ್ಲಿಲ್ಲ. ನಾವೇ ಏನೋ ಮಾಡಿಬಿಟ್ವಿ ಅನ್ಕೊಂಡೆ."

ಚಿನಕುರಳಿ ಅವಳ ಕೈ ಹಿಡಿದಳು. ಯಾರ ಕೈ ಹೆಚ್ಚು ತಣ್ಣಗಿತ್ತೋ ಹೇಳುವುದು ಕಷ್ಟ. "ನೀನಾದ್ರೂ ಒಂದು ಮಾತು ಆಡ್ಬೇಕಿತ್ತು ಕಣೆ," ಎಂದಳು. ಎಷ್ಟೋ ದಿನಗಳ ಮೇಲೆ ಗೆಳತಿಯೊಡನೆ ಆಡಿದ ಮಾತು, ಒಡಕು ಒಡಕಾಗಿತ್ತು.

ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಕೇಳಿದಳು. ಮರುದಿನ ಅಂಗಡಿಗೆ ಬೀಗ ಹಾಕಿ ಅವರ ಜೊತೆ ಶಾಲೆಗೆ ನಡೆದಳು. ಲೀಡರ್ ಕ್ಷಮೆ ಕೇಳಿದಳು, ಹೇಳಿಕೊಟ್ಟ ಪಾಠ ಒಪ್ಪಿಸಿದ ಹಾಗೆ. ಆ ಮೇಲೆ ಎಂದೂ ಮಾತಾಡಲಿಲ್ಲ. ಉಳಿದವರು ಒಬ್ಬೊಬ್ಬರಾಗಿ, ಕಣ್ಣು ತಪ್ಪಿಸುತ್ತಲೇ, ಪೆನ್ನು ಕೇಳುವ ನೆಪದಲ್ಲಿ ಹತ್ತಿರ ಬಂದರು. ಚಿನಕುರಳಿ ಪೆನ್ನು ಕೊಟ್ಟಳು. ಆದರೆ ಕೊಡುವ ಮೊದಲು, ಎದುರಿನವರು ತನ್ನ ಮುಖ ನೋಡುವ ತನಕ, ಅದನ್ನು ಬಿಗಿಯಾಗಿ ಹಿಡಿದೇ ಇರುತ್ತಿದ್ದಳು.