ಬೂಟಿನ ಮೇಲಿನ ಕಾಲುಚೀಲ

ಚಿಲಿ ದೇಶದ ದಕ್ಷಿಣ ತುದಿಯ ಪುಂತಾ ಅರೆನಾಸ್‌ನಲ್ಲಿ ನಮ್ಮ ಬೀದಿ ಗುಡ್ಡದಿಂದ ಸೀದಾ ಸಮುದ್ರದ ಕಡೆಗೆ ಇಳಿಯುತ್ತದೆ. ಅದರ ಮೇಲ್ತುದಿಯ ಮನೆಯ ಎರ್ಮಿಂದಾ ಅಜ್ಜಿ ಚಳಿಗಾಲಕ್ಕೊಂದು ಜೊತೆ ದೊಡ್ಡ ಉಣ್ಣೆ ಕಾಲುಚೀಲ ಹೆಣೆದು ಮೂಟೆ ಕಟ್ಟಿಡುತ್ತಿದ್ದಳು. ಬೂಟಿನ ಮೇಲೆ ಹಾಕಿಕೊಂಡರೆ ಮಂಜುಗಡ್ಡೆಯ ಮೇಲೆ ಜಾರುವುದಿಲ್ಲವಂತೆ.

"ಯಾರ ಕಾಲಿಗೆ ಅಜ್ಜಿ ಇದು, ಕುದುರೆಗಾ?" ಎಂದು ನಾನು ರೇಗಿಸುತ್ತಿದ್ದೆ.

"ನಿನ್ನಂಥ ಕತ್ತೆಗೆ ಕಣೋ."

ನಲವತ್ತು ವರ್ಷದ ಹಿಂದೆ ಬೀದಿ ಹೀಗೇ ಹೆಪ್ಪುಗಟ್ಟಿದ್ದಾಗ ಅವಳಿಗೆ ಹೆರಿಗೆ ನೋವು ಬಂದಿತ್ತು. ಕೂಗಿದರೂ ಯಾರೂ ಬರಲಿಲ್ಲ. ಮಗು ಉಳಿಯಲಿಲ್ಲ. ಕೂಗು ಕೇಳಿ ಹೊರಟವಳು ಹೊಸ್ತಿಲು ದಾಟುತ್ತಲೇ ಜಾರಿಬಿದ್ದೆನೆಂದು ನನ್ನಮ್ಮ ಸಾಯುವವರೆಗೂ ಹೇಳಿದಳು, ಅಜ್ಜಿ ನಂಬಲಿಲ್ಲ. ಅಂದಿನಿಂದ ನಮ್ಮ ಬೀದಿಯ ಯಾರ ಮನೆಯಲ್ಲೂ ಅವಳು ಒಂದು ತುತ್ತು ಮುಟ್ಟಿದವಳಲ್ಲ.

ಈ ಜುಲೈಯಲ್ಲಿ, ನಮ್ಮ ನಡುಚಳಿಗಾಲದಲ್ಲಿ, ಒಂದು ರಾತ್ರಿ ಮಳೆ ಸುರಿದು, ಬೆಳಗಾಗುವಷ್ಟರಲ್ಲಿ ಬೀದಿಯೆಲ್ಲ ಹೆಪ್ಪುಗಟ್ಟಿ ಗಾಜಾಗಿತ್ತು. ಅಜ್ಜಿಯ ಪಕ್ಕದ ಮನೆಯ ಯಾಸ್ನಾಗೆ ಹೆರಿಗೆ ನೋವು ಶುರುವಾಯಿತು. ಆಂಬುಲೆನ್ಸ್ ಕೆಳಗೇ ನಿಂತಿತು. ನರ್ಸ್ ಮೂರು ಸಲ ಹತ್ತಲು ಹೋಗಿ ಮೂರು ಸಲವೂ ಬಿದ್ದಳು. ನಾನು ಅಂಬೆಗಾಲಿಟ್ಟು ಹೊರಟವನು ಗೇಟಿನಲ್ಲೇ ಮಕಾಡೆ ಮಲಗಿದೆ. ಅಜ್ಜಿ ಕಿಟಕಿಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

ಆಮೇಲೆ ಮೂಟೆ ಹೊತ್ತು ಹೊರಬಂದಳು. ಬೂಟಿನ ಮೇಲೆ ಕಾಲುಚೀಲ ಏರಿಸಿ ಮನೆಮನೆಗೂ ನಡೆದು ಹಂಚಿದಳು. ಅವಳು ಹುಟ್ಟಿದ ಚಿಲೋಯೆ ದ್ವೀಪದಲ್ಲಿ ಊರವರೆಲ್ಲ ಸೇರಿ ಇಡೀ ಮನೆಯನ್ನೇ ಹಗ್ಗ ಕಟ್ಟಿ ಎಳೆದು ಸಾಗಿಸುತ್ತಾರೆ. ಅದಕ್ಕೆ ಮಿಂಗಾ ಎನ್ನುತ್ತಾರೆ; ಇವತ್ತು ನಮ್ಮದೂ ಮಿಂಗಾ ಎಂದಳು ಅಜ್ಜಿ. ಕೆಲಸ ಮಾಡಿಸಿಕೊಂಡವರು ಬಂದವರಿಗೆಲ್ಲ ಊಟ ಹಾಕಬೇಕು.

ಹಿಟ್ಟು ನಾದುವ ದೊಡ್ಡ ಮರಿಗೆಯಲ್ಲಿ ಕಂಬಳಿ ಹಾಸಿ ಯಾಸ್ನಾಳನ್ನು ಕೂರಿಸಿದೆವು. ಹಿಂದಿನಿಂದ ಅದಕ್ಕೆ ಕಟ್ಟಿದ ಹಗ್ಗ ಹಿಡಿದವರು ಹನ್ನೆರಡು ಜನ.

"ಎಳೀಬೇಡ್ರೋ, ಹಿಂದಕ್ಕೆ ಬಿಗಿಯಾಗಿ ಹಿಡೀರಿ. ಇಳಿಜಾರು ತಾನೇ ಕರ್ಕೊಂಡು ಹೋಗುತ್ತೆ," ಎಂದಳು ಅಜ್ಜಿ.

ಒಬ್ಬರೂ ಜಾರಲಿಲ್ಲ. ಬರೀ ಉಣ್ಣೆ ಮಂಜುಗಡ್ಡೆಗೆ ಕಚ್ಚುವ ಸದ್ದು. ವರ್ಷಗಟ್ಟಲೆ ನಾನು ನೋಡಿ ನಕ್ಕಿದ್ದ ಆ ಕಾಲುಚೀಲಗಳು ಒಂದು ಬೀದಿಯನ್ನೇ ಹಿಡಿದು ನಿಲ್ಲಿಸಿದ್ದವು.

ಆಸ್ಪತ್ರೆಯಿಂದ ಹೆಣ್ಣು ಮಗುವಿನ ಸುದ್ದಿ ಬಂತು. ಮಧ್ಯಾಹ್ನ ಯಾಸ್ನಾಳ ತಾಯಿ ದೊಡ್ಡ ಪಾತ್ರೆಯಲ್ಲಿ ಕುರಿಮಾಂಸದ ಸಾರು ಮಾಡಿ ಬೀದಿಯವರನ್ನೆಲ್ಲ ಕರೆದಳು. ಅಜ್ಜಿ ಬಾಗಿಲಲ್ಲೇ ನಿಂತಳು.

"ನಿಮ್ಮಮ್ಮ ನಿಜವಾಗ್ಲೂ ಬಿದ್ದಿದ್ಳೇನೋ?" ಎಂದು ನನ್ನನ್ನು ಕೇಳಿದಳು.

"ಹೂಂ ಅಜ್ಜಿ. ಮೊಣಕಾಲು ಒಡ್ಕೊಂಡಿದ್ಳು. ಕೊನೇವರೆಗೂ ಕುಂಟ್ತಾನೇ ಇದ್ಳಲ್ಲ."

ಅಜ್ಜಿ ನನ್ನ ಕಾಲಿನ ಒದ್ದೆ ಕಾಲುಚೀಲವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಬಂದು, ನನ್ನ ಪಕ್ಕ ಕೂತು, ತಟ್ಟೆ ಮುಂದೆ ಚಾಚಿದಳು.